ಅವತ್ತಿನ ಬೆಲೆಯ ಕರು

ದನಗಣತಿಯಲ್ಲಿ ಇದಕ್ಕಿಂತ ಸುಲಭದ ಪ್ರಶ್ನೆಯಿಲ್ಲ: ಈ ಕರು ಯಾರದು? ನಾನು ಗಣತಿಗೆ ಹೋದ ಅರಕೇರಿಯ ಒಂದು ಅಂಗಳದಲ್ಲಿ ಇಬ್ಬರು ಒಟ್ಟಿಗೇ "ನಂದು" ಅಂದರು. ಒಬ್ಬಾಕೆ ಹಲೀಮಾಬಿ, ಕರುವಿಗೆ ಬಾಟಲಿಯಲ್ಲಿ ಹಾಲು ಕುಡಿಸುತ್ತಿದ್ದಳು. ಇನ್ನೊಬ್ಬ ಜಲನಗರದಲ್ಲಿ ಎಮ್ಮೆ ಹಾಲು ಮಾರುವ ಸಾವಕಾರ, ಕರು ಒಯ್ಯಲು ಗಾಡಿ ತಂದಿದ್ದ.

ತನ್ನ ಆಕಳು ಈಯುತ್ತಲೇ ಸತ್ತದ್ದರಿಂದ ಆತ ಕರುವನ್ನು ಅರ್ಧ ಪಾಲಿಗೆ ಸಾಕಲು ಕೊಟ್ಟಿದ್ದನಂತೆ. ಈಕೆ ತನ್ನ ಆಡಿನ ಹಾಲು ಕುಡಿಸಿ ಉಳಿಸಿದ್ದಳು. ಈಗ ಒಯ್ಯಬೇಕೆಂದರೆ ಬೆಲೆ ಕಟ್ಟಿ ಆಕೆಗೆ ಅರ್ಧ ಕೊಡಬೇಕು.

"ನಾ ಕೊಟ್ಟ ದಿನದ ಬೆಲಿ ಹಿಡೀಬೇಕ್ರಿ ಮೇಡಂ," ಅಂದ ಆತ. "ಅವತ್ತ ಅದಕ್ಕ ಯಾರು ಏನ ಕೊಡ್ತಿದ್ರು?"

"ಮತ್ತ ಆಕಿ ಕುಡಿಸಿದ ಹಾಲು?" ಅಂದೆ.

"ಅದೇನ ಕೊಂಡ ತಂದಿದ್ದಲ್ಲಲ್ರೀ, ಮನ್ಯಾಗಿಂದು."

ನನಗೆ ಮೈಯೆಲ್ಲ ಉರಿಯಿತು. "ನಿಮ್ಮ ಎಮ್ಮಿ ಹಾಲೂ ಮನ್ಯಾಗಿಂದೇ. ಓಣಿಗೆಲ್ಲ ಪುಕ್ಕಟೆ ಹಂಚ್ತೀರೇನು?" ಅಂದೆ. ಆತ ನಕ್ಕ. ನಕ್ಕಿದ್ದಕ್ಕೆ ಇನ್ನಷ್ಟು ಉರಿಯಿತು.

ಹಲೀಮಾಬಿ ಮಾತ್ರ ದನಿ ಏರಿಸಲಿಲ್ಲ. "ಅವತ್ತಿನ ಬೆಲಿ ಕೊಡೂದಾದ್ರ ಅವತ್ತಿನ ಕರಾನೇ ಒಯ್ರಿ, ಸಾವಕಾರ್ರ. ನಿಂದ್ರಾಕ ಬರ್ತಿರ್ಲಿಲ್ಲ, ಕಿವಿ ತಣ್ಣಗಾಗಿದ್ವು. ಇದು ಬೇಕಂದ್ರ ಇವತ್ತಿನ ಬೆಲಿ."

ಆತ ಖಾಲಿ ಗಾಡಿ ಹೊಡಕೊಂಡು ಹೋದ. ನಾನು ಕರುವನ್ನು ಆಕೆಯ ಮನೆಗೇ ಬರೆದುಕೊಂಡೆ.

ನಾನಿರುವುದೂ ಜಲನಗರದಲ್ಲೇ. ಈಗಲೂ ಎದುರಾದಾಗೆಲ್ಲ ಆತ, "ಅರಕೇರ್ಯಾಗ ನಮ್ಮ ಕರ ಹೆಂಗೈತ್ರಿ?" ಅಂತ ಕೇಳುತ್ತಾನೆ. "ನಿಮ್ಮದು ಅವತ್ತೇ ಸತ್ತೈತ್ರಿ," ಅನ್ನುತ್ತೇನೆ, "ಈಗಿರೂದು ಹಲೀಮಾಬಿದು."