ಹೊಸ್ತಿಲು ಕಡಿದ ಅತ್ತೆ

ಮೊನ್ನೆ ಕೂಡ್ಲಿಗಿ ಬಸ್ಸಿನಲ್ಲಿ ಪಕ್ಕದ ಸೀಟಿನವನ ಹೆಗಲ ಮೇಲೆ ಮಳೆಗೆ ನೆನೆದ ಕರಿ ಕಂಬಳಿ ಇತ್ತು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಹಲ್ಲು ಕಚ್ಚಿದೆ. ನಮ್ಮತ್ತೆ! ಸತ್ತು ಇಷ್ಟು ವರ್ಷವಾದರೂ ಬಸ್ಸಿನಲ್ಲೂ ನೆಮ್ಮದಿಯಾಗಿ ಕೂರಲು ಬಿಡುವುದಿಲ್ಲವಲ್ಲ ಎಂದು ಸಿಟ್ಟು ಬಂತು.

ಅವಳು ಗುಡೇಕೋಟೆ ಕಡೆಯವಳು. ಬಹುವಚನ ಕೊಡಲು ನನಗೆ ಈಗಲೂ ಮನಸ್ಸಿಲ್ಲ. ಕಾಲಲ್ಲಿ ಕಸುವು ಇರುವವರೆಗೂ ಕುರಿ ಹಿಂಡಿನ ಜೊತೆ ಊರೂರು ಅಲೆದವಳು. ನನ್ನ ತವರಿನವರೂ ಅದೇ ಜನ, ಆದರೆ ಅಜ್ಜನ ಕಾಲಕ್ಕೇ ಕುರಿ ಮಾರಿ ಹರಪನಹಳ್ಳಿಯಲ್ಲಿ ಅಂಗಡಿ ಹಾಕಿದವರು. ನನಗೆ ಸ್ಟೀಲ್ ಡಬ್ಬಿಗಳ ಸಾಲು, ಹೊಸ್ತಿಲಿಗೆ ಅರಿಷಿಣ ಕುಂಕುಮ... ಇವು ಇದ್ದರೇ ಮನೆ.

ತೊಂಬತ್ತರ ದಶಕದ ಕೊನೆಯಲ್ಲಿ ನನ್ನ ಗಂಡ ಮೆಕ್ಕೆಜೋಳದ ಲಾರಿಯ ಮೇಲಿಂದ ಬಿದ್ದರು. ಸೊಂಟದ ಕೆಳಗೆ ಸ್ವಾಧೀನ ಹೋಯಿತು. ಆಸ್ಪತ್ರೆಯಿಂದ ಬರುವಷ್ಟರಲ್ಲಿ ನಾನು ನಡುಮನೆಯಲ್ಲಿ ಮಂಚ ಹಾಕಿ ಹೊಸ ಚಾದರ ಹಾಸಿದ್ದೆ. ಊಟ, ನೀರು ಎಲ್ಲ ಕೂತಲ್ಲಿಗೇ ಕೊಟ್ಟು ನೋಡಿಕೊಳ್ಳಬೇಕೆಂದಿದ್ದೆ. ಕೆಲವು ದಿನ ಸುಮ್ಮನೆ ನೋಡಿದ ಅತ್ತೆ, ಒಂದು ಮುಂಜಾನೆ ಮಗನನ್ನು ಕಂಬಳಿಯ ಮೇಲೆ ಇಳಿಸಿ, ಮಂಚವನ್ನು ಹಿತ್ತಿಲಿಗೆ ಎಳೆದು ಹಾಕಿದಳು.

“ಮಂಚದ ಮ್ಯಾಲೆ ಕುಂದ್ರಿಸಿ ಉಣಿಸಿದ್ರ ಅವ ನಿನಗ ಕೂಸಾಗ್ತಾನ. ಗಂಡಸಾಗಿ ಉಳಿಯಂಗಿಲ್ಲ,” ಅಂದಳು.

ಅಂದಿನಿಂದ ನನ್ನ ಮನೆ ಕುರಿಯವರ ಬಿಡಾರವಾಯಿತು. ಬಯಲಿನಲ್ಲಿ ಅವರದೊಂದು ಕ್ರಮ: ಯಾರ ಹೊಲದಲ್ಲಿ ತಂಗಿದರೂ ಒಲೆಯ ಬಲಕ್ಕೆ ನೀರು, ಎಡಕ್ಕೆ ಹಿಟ್ಟು, ಗೂಟಕ್ಕೆ ಉಪ್ಪಿನ ಚೀಲ. ಕತ್ತಲಲ್ಲೂ ಕೂತಲ್ಲಿಂದಲೇ ಕೈಗೆ ಸಿಗಬೇಕು. ಅದನ್ನೇ ನನ್ನ ಅಡುಗೆಮನೆಗೆ ತಂದಳು. ಕಟ್ಟೆಯ ಮೇಲಿದ್ದ ಸ್ಟವ್ ನೆಲಕ್ಕಿಳಿಯಿತು. ನನ್ನ ಡಬ್ಬಿಗಳು ಅಟ್ಟ ಸೇರಿದವು. ಕೂತವನ ಕೈಯೆತ್ತರಕ್ಕೆ ಗೂಟ ಹೊಡೆದು, ಒಂದೇ ಎಳೆತಕ್ಕೆ ಬಿಚ್ಚುವ ಗಂಟು ಹಾಕಿ ಚೀಲ ತೂಗುಬಿಟ್ಟಳು. ಮಗ ಹಿಡಿದು ಮೈ ಎತ್ತಿಕೊಳ್ಳಲೆಂದು ತೊಲೆಯಿಂದ ಉಣ್ಣೆಯ ಹಗ್ಗ ಇಳಿಬಿಟ್ಟಳು. ನಾನು ಹಗಲು ಮೇಲಿಟ್ಟದ್ದನ್ನು ಅವಳು ಸಂಜೆ ಕೆಳಗಿಡುವಳು. ಓಣಿಯ ಹೆಂಗಸರು ಬಂದು ನೋಡಿ ಬಾಯಿಗೆ ಸೆರಗು ಹಿಡಿದು ನಗುತ್ತಿದ್ದರು. ನನ್ನ ಮೈಯೆಲ್ಲ ಉರಿಯುತ್ತಿತ್ತು.

ಹೆದರಿಕೆಯೂ ಇತ್ತು. ನಮಗೆ ಮಕ್ಕಳಿರಲಿಲ್ಲ. ಗಂಡ ತನ್ನ ಚಹಾ ತಾನೇ ಕಾಸಿಕೊಂಡರೆ ಆ ಮನೆಯಲ್ಲಿ ನಾನು ಯಾರಿಗೆ ಬೇಕಾದವಳು?

ಆಮೇಲೆ ಒಂದು ದಿನ ತವರಿಗೆ ಹೋಗಿ ಬಂದು ನೋಡಿದರೆ, ಮುಂಬಾಗಿಲ ಹೊಸ್ತಿಲನ್ನು ಉಳಿಯಿಂದ ಕಡಿದು ನೆಲಕ್ಕೆ ಸಮ ಮಾಡಿದ್ದಳು. ನಾನು ಹಚ್ಚಿದ್ದ ಅರಿಷಿಣ ಚಕ್ಕೆಗಳಿಗೆ ಅಂಟಿಕೊಂಡೇ ಇತ್ತು. ಓಣಿಗೆಲ್ಲ ಕೇಳುವಂತೆ ಕೂಗಾಡಿದೆ.

“ದಿನಾ ಪೂಜಿ ಮಾಡೋ ಹೊಸ್ತಿಲ ಕಡ್ದೀಯಲ್ಲ, ಇದೇನು ಮನೀನೋ ಕುರಿಹಟ್ಟೀನೋ?”

“ಬಯಲಾಗ ಹೊಸ್ತಿಲು ಎಲ್ಲಿತ್ತು? ನಾವು ಬಾಳೇವು ಮಾಡ್ಲಿಲ್ಲೇನು? ಅವಗ ಅಡ್ಡ ಇತ್ತು, ತಗದೀನಿ.”

ನನ್ನ ಗಂಡ ಕೈಯೂರಿ ಸರಿಯುತ್ತ ನಮ್ಮಿಬ್ಬರ ನಡುವೆಯೇ ಹಾದು ಜಗುಲಿಗೆ ಹೋಗಿ ಬಿಸಿಲಿಗೆ ಕೂತರು. ಬಿದ್ದ ಮೇಲೆ ತಾವಾಗಿ ಹೊರಗೆ ಹೋದದ್ದು ಅದೇ ಮೊದಲು. ದಾರಿಯಲ್ಲಿ ಹೋಗುವವನನ್ನು ಕರೆದು ಮಳೆಯ ಸುದ್ದಿ ಕೇಳಿದರು. ಅತ್ತೆ ನನ್ನ ಕಡೆ ತಿರುಗಿ ನೋಡಿದಳು. ಆ ನೋಟವನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ಅಲ್ಲಿಂದ ಅವಳು ಸಾಯುವವರೆಗೆ ನಮ್ಮಿಬ್ಬರದೂ ಗೋಡೆಯ ಜೊತೆ ಮಾತು. “ಹಿಟ್ಟು ತೀರೈತಿ, ಯಾರರ ಕೇಳಿಸ್ಕೊಳ್ರಿ,” ಎಂದು ಅವಳು ಗೋಡೆಗೆ ಹೇಳಿದರೆ ನಾನು ಗೋಡೆಗೇ ಉತ್ತರ ಕೊಡುತ್ತಿದ್ದೆ. ಅವಳು ಹೋದ ದಿನ ನಾನು ಕಣ್ಣೀರು ಹಾಕಿದೆನೋ ಇಲ್ಲವೋ... ನೆನಪಿಲ್ಲ.

ಈಗ ನನ್ನ ಮೊಣಕಾಲು ಸವೆದಿವೆ. ನನಗೆ ಬಗ್ಗಲು ಆಗುವುದಿಲ್ಲ, ನನ್ನ ಗಂಡನಿಗೆ ಏಳಲು ಆಗುವುದಿಲ್ಲ. ಮೇಲಿಟ್ಟರೆ ಅವರಿಗೆ ಸಿಗದು, ಕೆಳಗಿಟ್ಟರೆ ನನಗೆ ಸಿಗದು. ನಿನ್ನೆ ಇಬ್ಬರೂ ಅಡುಗೆಮನೆಯಲ್ಲಿ ವಾದ ಮಾಡಿ ಮಾಡಿ ಸುಸ್ತಾದೆವು.

“ಅವ್ವ ಇದ್ದಿದ್ರ ಏನರ ದಾರಿ ಹುಡುಕ್ತಿದ್ಲು,” ಅಂದರು.

ಹುಡುಕುತ್ತಿದ್ದಳು, ನಿಜ. ನನ್ನನ್ನು ಒಂದು ಮಾತೂ ಕೇಳದೆ, ನಾನು ಸಂತೆಗೆ ಹೋದ ಹೊತ್ತು ನೋಡಿ ಮಾಡಿ ಮುಗಿಸುತ್ತಿದ್ದಳು. ನಾನು ಬಂದು ಕೂಗಾಡುತ್ತಿದ್ದೆ. ಈಗ ಸಂತೆಯಿಂದ ಬಂದು ನೋಡಿದರೆ ಎಲ್ಲ ಸಾಮಾನೂ ನಾನು ಇಟ್ಟಲ್ಲೇ ಇರುತ್ತದೆ.