ಅಡುಗೆಮನೆಗೆ ಬಂದ ಮುಳ್ಳುಹೂವು

ಎನಿಡ್ ಬಾರಕ್ಲಫ್ ಕೂತಿದ್ದನ್ನು ನಾನು ನೋಡಿದ್ದೇ ಕಡಿಮೆ. ಹ್ಯಾಲಿಫ್ಯಾಕ್ಸಿನ ಈ ಮಸಿಗಟ್ಟಿದ ಕಲ್ಲಿನ ಮನೆಯಲ್ಲಿ ಹುಟ್ಟಿ, ಇಲ್ಲೇ ಎಪ್ಪತ್ತು ದಾಟಿ, ಕೊನೆಗೆ ಇದನ್ನು ಊರಿನ ಪರಂಪರೆ ಮಂಡಳಿಗೆ ಬರೆದುಕೊಟ್ಟವಳು. ಈಗ ಬಂದವರಿಗೆ ಮನೆ ತೋರಿಸುತ್ತಾಳೆ, ನಾನು ಬಾಗಿಲಲ್ಲಿ ಟಿಕೆಟ್ ಹರಿಯುತ್ತೇನೆ. ಬಂದವರು ಇಲ್ಲದಾಗಲೂ ಅವಳು ಕೋಣೆಯಿಂದ ಕೋಣೆಗೆ ಶತಪಥ ಹಾಕುತ್ತಲೇ ಇರುತ್ತಾಳೆ.

"ಒಂದು ಗಳಿಗೆ ಕೂತ್ಕೊಳ್ಳೇ ಮಹರಾಯ್ತಿ, ನನಗೇ ತಲೆ ತಿರುಗತ್ತೆ."

"ಎಲ್ಲಿ ಕೂತ್ಕೊಳ್ಲಿ? ಚುಚ್ಚತ್ತೆ ಕಣೇ."

ಅದೂ ನಿಜವೇ. ಇಂಥ ಮನೆಗಳಲ್ಲಿ ಜೋಪಾನ ಮಾಡಬೇಕಾದ ಹಳೆಯ ಕುರ್ಚಿಗಳ ಮೇಲೆಲ್ಲ ಒಣಗಿದ ಮುಳ್ಳುಹೂವು ಇಟ್ಟಿರುತ್ತೇವೆ. ಕೂರಬೇಡಿ ಎಂದು ಬೋರ್ಡು ಹಾಕುವುದು ನಮ್ಮ ಜನಕ್ಕೆ ಒರಟು ಅನ್ನಿಸುತ್ತದೆ. ಮುಳ್ಳು ಮಾತ್ರ ಮರ್ಯಾದೆ!

ಮನೆಯ ಹೆಮ್ಮೆ ಅದರ ಮುಂದಿನ ಕೋಣೆ. ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಗಿರಣಿ ಮೇಸ್ತ್ರಿಯಾಗಿದ್ದ ಎನಿಡಳ ಮುತ್ತಜ್ಜ ಕಟ್ಟಿಸಿದ್ದು. ಸೂರಿನಂಚಿಗೆ ಗಾರೆಯ ದ್ರಾಕ್ಷಿಬಳ್ಳಿ, ಅಮೃತಶಿಲೆಯ ಬೆಂಕಿಗೂಡು, ಗೋಡೆಗೆ ಅಂಟಿಸಿದ ಹಸಿರು ಕಾಗದ, ಎಲ್ಲ ಅಂದಿನದೇ. "ಈ ಸೀಮೆಯಲ್ಲೇ ಇಂಥದ್ದು ಇನ್ನೊಂದಿಲ್ಲ" ಎಂದು ಮಂಡಳಿಯ ವಾಸ್ತುಶಿಲ್ಪಿ ಲಾಥಮ್ ಬಾಯಿತುಂಬ ಹೊಗಳುತ್ತಾರೆ. ಉಳಿಯದೆ ಏನು ಮಾಡೀತು? ಆ ಕೋಣೆಗೆ ಯಾರೂ ಕಾಲೇ ಇಡುತ್ತಿರಲಿಲ್ಲ. ನಮ್ಮ ಕಡೆ ಮುಂದಿನ ಕೋಣೆ ಇರುವುದು ಪಾದ್ರಿಗೆ, ಕ್ರಿಸ್‌ಮಸ್ಸಿಗೆ ಮತ್ತು ಹೆಣಕ್ಕೆ.

ಮನೆಯವರು ಬದುಕಿದ್ದೆಲ್ಲ ಹಿಂದಿನ ಅಡುಗೆಮನೆಯಲ್ಲಿ. ಅದು ಎನಿಡಳ ಅಪ್ಪ ಆಮೇಲೆ ಸ್ವಂತ ಕೈಯಿಂದ ಕಟ್ಟಿದ್ದು. ತಗಡಿನ ಸೂರು, ಸೊಟ್ಟ ಕಿಟಕಿ. ಲಾಥಮ್ ಕಣ್ಣಿಗೆ ಅದೊಂದು ಗಾಯ. ಕೆಡವಿ, ಮನೆಯನ್ನು ಮೊದಲಿದ್ದ ಹಾಗೆ ಮಾಡಬೇಕೆಂದು ಅವರ ಹಟ. ಅದನ್ನು ತೀರ್ಮಾನಿಸಲು ಮಂಗಳವಾರ ಮಂಡಳಿಯವರು ಬರುವವರಿದ್ದರು.

ಆ ದಿನ ಎನಿಡಳಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಕೆಟಲ್ ಇಟ್ಟಳು, ಆರಿಸಿದಳು, ಮತ್ತೆ ಇಟ್ಟಳು. ಮುಂದಿನ ಕೋಣೆಗೂ ಹಿಂದಕ್ಕೂ ಏನೇನೋ ಸಾಗಿಸಿದಳು. ಕೇಳಿದರೆ, "ನಿನ್ನ ಟಿಕೆಟ್ ನೋಡ್ಕೋ ಹೋಗು" ಎಂದು ಗದರಿದಳು. ನನಗೂ ಸಿಟ್ಟು ಬಂತು.

ಮಂಡಳಿಯವರು ನಾಲ್ವರು ಅಡುಗೆಮನೆಗೆ ನುಗ್ಗಿದವರು ಹೊಸ್ತಿಲ ಬಳಿಯೇ ನಿಂತುಬಿಟ್ಟರು. ಬಣ್ಣ ಹೋದ ಪ್ರತಿ ಕುರ್ಚಿಯ ಮೇಲೂ, ಅಪ್ಪನ ಮೂರುಕಾಲಿನ ಸ್ಟೂಲಿನ ಮೇಲೂ ಒಂದೊಂದು ಮುಳ್ಳುಹೂವು. ಯಾರೂ ಏನನ್ನೂ ಮುಟ್ಟಲಿಲ್ಲ. ಲಾಥಮ್ ಕೈ ಬೆನ್ನ ಹಿಂದೆ ಕಟ್ಟಿಕೊಂಡು, ದನಿ ತಗ್ಗಿಸಿ, ಸ್ಟೂಲಿನತ್ತ ಬಗ್ಗಿದರು.

"ಮಿಸ್ ಬಾರಕ್ಲಫ್, ಇದನ್ನ ನಾನು ಗಮನಿಸೇ ಇರ್ಲಿಲ್ಲ. ಯಾವ ಕಾಲದ್ದು?"

"ಸ್ಟೂಲು ಅಪ್ಪಂದು. ಮುಳ್ಳು ಇವತ್ತು ಬೆಳಿಗ್ಗೆದು. ಮುಳ್ಳಿಲ್ಲದೆ ನಿಮ್ಮ ಕಣ್ಣಿಗೆ ಏನೂ ಕಾಣಲ್ವಲ್ಲ, ಅದಕ್ಕೆ ನಾನೇ ಇಟ್ಟೆ."

ಲಾಥಮ್ ಕಿವಿ ಕೆಂಪಾಯಿತು. ನಾನು ನಗು ತಡೆಯಲಾರದೆ ಕೆಮ್ಮಿದೆ. ಎನಿಡ್ ನಗಲಿಲ್ಲ.

"ನಮ್ಮಮ್ಮ ಆ ಮುಂದಿನ ಕೋಣೇಲಿ ಮಲಗಿದ್ದು ಒಂದೇ ಸಲ, ಪೆಟ್ಟಿಗೆ ಒಳಗೆ. ಉಳಿದ ದಿನ ಎಲ್ಲಾ ಇಲ್ಲೇ. ನಾವು ಇಲ್ಲಿ ಒತ್ತೊತ್ತಾಗಿ ಬದುಕಿದ್ದಕ್ಕೇ ನಿಮ್ಮ ಆ ಕೋಣೆ ಹೊಸದಾಗಿ ಉಳೀತು. ಇದನ್ನ ಕೆಡವಿಬಿಟ್ರೆ, ಅದು ಯಾಕೆ ಹಾಗಿದೆ ಅಂತ ಬಂದವರಿಗೆ ನಾನೇನು ಹೇಳ್ಲಿ?"

ಕೆಟಲ್ ಕೂಗಿತು. ಎನಿಡ್ ಒಂದೊಂದೇ ಮುಳ್ಳುಹೂವು ತೆಗೆದು ಏಪ್ರನ್ನಿಗೆ ಹಾಕಿಕೊಂಡು, "ಕೂತ್ಕೊಳ್ಳಿ, ಇಲ್ಲಿ ಕೂರಬಹುದು" ಎಂದಳು.

ಕೂತರು, ಚಹಾ ಕುಡಿದರು. ಯಾರದೋ ಅಡುಗೆಮನೆಯಲ್ಲಿ ಕೂತು ಅವರ ಚಹಾ ಕುಡಿದ ಮೇಲೆ ಅದೇ ಅಡುಗೆಮನೆಯನ್ನು ಕೆಡವುತ್ತೇವೆ ಎನ್ನುವ ಧೈರ್ಯ ನಮ್ಮ ಜನಕ್ಕಿಲ್ಲ. ಲಾಥಮ್ ಎರಡನೇ ಕಪ್ಪು ಕೇಳಿ, ಆ ಸೂರಿನ ತಗಡು ಬದಲಿಸಬೇಕು, ಇಲ್ಲವಾದರೆ ಸೋರುತ್ತದೆ ಎಂದರು.

ಅವರನ್ನೆಲ್ಲ ಸಾಗಹಾಕಿ ಬಂದೆ. ಎನಿಡ್ ಒಲೆಯ ಪಕ್ಕದ ಅಮ್ಮನ ಕುರ್ಚಿಯಲ್ಲಿ ಕೂತಿದ್ದಳು, ಮಡಿಲ ತುಂಬ ಮುಳ್ಳುಹೂವು.

"ಚುಚ್ಚಲ್ವೇನೇ?" ಎಂದೆ.

"ಚುಚ್ಚಲಿ ಬಿಡು. ಏಳೋಕೆ ಮನಸ್ಸಿಲ್ಲ" ಎಂದಳು.