ಹುಳು ಜ್ವರಕ್ಕೆ ಕೂತ ದಿನ

ಹೆಂಡತಿ ತೀರಿಕೊಂಡ ಮೇಲೆ ಗೋಡೆಯ ಕ್ಯಾಲೆಂಡರಿನಲ್ಲಿ ನನ್ನ ನಿದ್ದೆಯನ್ನು ಬರೆಯತೊಡಗಿದೆ. ಎರಡು ಗಂಟೆ, ಮೂರು ಗಂಟೆ, ಒಂದೂವರೆ. ಅದು ಅವಳ ಕ್ಯಾಲೆಂಡರು. ರೇಷ್ಮೆ ಹುಳು ಮನೆಗೆ ಬಂದ ದಿನ, ಜ್ವರಕ್ಕೆ ಕೂತ ದಿನ, ಎದ್ದ ದಿನ, ಗೂಡು ಬಿಡಿಸಿದ ದಿನ, ಎಲ್ಲವನ್ನೂ ಅದರ ಚೌಕಗಳಲ್ಲಿ ನೀಲಿ ಪೆನ್ನಿನಲ್ಲಿ ಬರೆದಿಡುತ್ತಿದ್ದಳು. ಅವಳ ಬರಹ ಮಾರ್ಚಿಗೆ ನಿಂತಿತ್ತು. ಏಪ್ರಿಲ್‌ನಿಂದ ನನ್ನದು.

ಐ.ಡಿ.ಹಳ್ಳಿಯ ಹತ್ತಿರ ನಮ್ಮದು ಒಂದೂವರೆ ಎಕರೆ ಹಿಪ್ಪುನೇರಳೆ ತೋಟ, ಮನೆಯ ಪಕ್ಕದಲ್ಲೇ ಶೀಟು ಹೊದಿಸಿದ ಹುಳುಮನೆ. ಹುಳುವಿಗೆ ಹೊತ್ತು ಹೊತ್ತಿಗೆ ಸೊಪ್ಪು ಬೇಕು. ರಾತ್ರಿ ಹತ್ತರದು, ಬೆಳಗಿನ ಐದರದು ಅವಳ ಪಾಲಿಗಿದ್ದವು. ಕೊನೆಯ ಎರಡು ವರ್ಷ ನಡುವಿನ ಹೊತ್ತಿನಲ್ಲೂ ಎದ್ದು ಕೂರುತ್ತಿದ್ದಳು. “ನಿದ್ದೆ ಬರ್ತಿಲ್ಲ ಕಣ್ರೀ” ಅನ್ನುವಳು. “ಕಣ್ಮುಚ್ಕೊ, ಬತ್ತದೆ” ಎಂದು ನಾನು ಮಗ್ಗುಲಾಗುತ್ತಿದ್ದೆ. ಒಂದು ಬೆಳಿಗ್ಗೆ ಸೊಪ್ಪಿನ ಬುಟ್ಟಿ ಹಿಡಿದವಳು ಹುಳುಮನೆಯ ಬಾಗಿಲಲ್ಲೇ ಕುಸಿದಳು. ಮಿದುಳಿನಲ್ಲಿ ರಕ್ತನಾಳ ಒಡೆದಿತ್ತು. ನಾಲ್ಕನೇ ದಿನ ಹೋದಳು.

ನಿದ್ದೆಗೆಟ್ಟೇ ಸತ್ತಳು ಎಂದು ನಾನು ತೀರ್ಮಾನಿಸಿದೆ. ಯಾರೂ ಹಾಗೆ ಹೇಳಿರಲಿಲ್ಲ, ನಾನು ಕೇಳಿಯೂ ಇರಲಿಲ್ಲ. ತಿಥಿ ಮುಗಿದ ವಾರದಿಂದ ನನಗೂ ನಿದ್ದೆ ಹೋಯಿತು. ಮುಂದಿನವನು ನಾನೇ ಎಂಬುದರಲ್ಲಿ ಅನುಮಾನ ಉಳಿಯಲಿಲ್ಲ. ಫೋನಿನಲ್ಲಿ ಒಂದು ಸಲ ನಿದ್ದೆಯ ವಿಡಿಯೋ ನೋಡಿದೆ. ಆಮೇಲೆ ಅದು ತಾನಾಗಿಯೇ ಅಂಥವನ್ನೇ ತೋರಿಸತೊಡಗಿತು. ನಿದ್ದೆ ಕಡಿಮೆಯಾದರೆ ಹೃದಯ, ನಿದ್ದೆ ಕಡಿಮೆಯಾದರೆ ಮರೆವು. ಬೀಗದ ಕೈ ಎಲ್ಲಿಟ್ಟೆನೆಂದು ಮರೆತ ದಿನ ಸಂಜೆಯವರೆಗೂ ನಾಡಿ ಹಿಡಿದು ಕೂತಿದ್ದೆ.

ಮಧುಗಿರಿಯ ಡಾಕ್ಟರು ಬಿ.ಪಿ. ನೋಡಿ ಸರಿಯಿದೆ ಅಂದರು. ಅವರ ಯಂತ್ರ ಹಳೆಯದಿರಬೇಕು ಎಂದುಕೊಂಡು ಕೊರಟಗೆರೆಗೆ ಹೋಗಿ ಇನ್ನೊಬ್ಬರಲ್ಲಿ ನೋಡಿಸಿದೆ. ಅಲ್ಲೂ ಅದೇ. ಶುಕ್ರವಾರವಾದ್ದರಿಂದ ವಾಪಸು ಬರುವ ಬಸ್ಸಿನ ತುಂಬ ಗೊರವನಹಳ್ಳಿಯ ದೇವಸ್ಥಾನಕ್ಕೆ ಹೋಗಿಬಂದ ಹೆಂಗಸರಿದ್ದರು. ಅರ್ಧಕ್ಕರ್ಧ ಜನ ಬಾಯಿ ತೆರೆದು ತೂಕಡಿಸುತ್ತಿದ್ದರು. ನಾನು ಕಂಬಿ ಹಿಡಿದು ನಿಂತು ಅವರನ್ನೇ ನೋಡುತ್ತ ಬಂದೆ.

ಹಾಸಿಗೆಯದೇ ದೋಷವಿರಬಹುದೆಂದು ಸಿರಾಕ್ಕೂ ಹೋದೆ. ಅಲ್ಲಿ ಹಾಸಿಗೆ ಹೊಲಿಯುವ ಮುದುಕರೊಬ್ಬರು ಬೂರುಗದ ಹತ್ತಿ ಬಿಡಿಸುತ್ತ ಕೂತಿದ್ದರು. ನನ್ನ ಕಥೆ ಕೇಳಿ ತಲೆ ಮೇಲೆತ್ತದೆ ಹೇಳಿದರು: “ಹಾಸಿಗೆ ಕೊಡ್ತೀನಿ ಭಾಯ್, ನೀಂದ್ ನಮ್ಮ ಅಂಗಡೀಲಿ ಇಲ್ಲ. ಇದ್ದಿದ್ರೆ ಮೊದ್ಲು ನಾನೇ ಇಟ್ಕೋತಿದ್ದೆ.” ಆದರೂ ಹಾಸಿಗೆ ತಂದೆ. ಅದರ ಮೇಲೂ ಎಚ್ಚರವಾಗಿಯೇ ಇದ್ದೆ.

ಆ ಸಲದ ಹುಳು ಮೂರನೇ ಜ್ವರಕ್ಕೆ ಕೂತಿದ್ದ ದಿನ. ಹುಳು ಪೊರೆ ಬಿಡುವ ಮುಂಚೆ ಸೊಪ್ಪು ತಿನ್ನದೆ, ತಲೆ ಎತ್ತಿಕೊಂಡು ಒಂದು ದಿನ ಅಲ್ಲಾಡದೆ ಇರುತ್ತದೆ. ಅದನ್ನೇ ಜ್ವರಕ್ಕೆ ಕೂರುವುದು ಅನ್ನುತ್ತೇವೆ. ನಾಲ್ಕರಲ್ಲಿ ಮೊದಲೆರಡು ಜ್ವರ ಹುಳು ನಮ್ಮಲ್ಲಿಗೆ ಬರುವ ಮುಂಚೆಯೇ ಮುಗಿದಿರುತ್ತವೆ. ಆಗ ಸೊಪ್ಪು ಹಾಕಬಾರದು. ಹಾಕಿದರೆ ಮೊದಲೆದ್ದವು ತಿಂದು ಮುಂದಾಗುತ್ತವೆ, ಉಳಿದವು ಹಿಂದೆ ಬೀಳುತ್ತವೆ, ಬೆಳೆ ಒಂದೇ ಸಮ ಬರುವುದಿಲ್ಲ. ಇದು ನನಗೆ ಗೊತ್ತಿಲ್ಲದ್ದೇನಲ್ಲ. ಆದರೆ ನಾಲ್ಕು ಗಂಟೆಯಿಂದ ಎದ್ದು ಕೂತವನಿಗೆ ಏನಾದರೂ ಕೆಲಸ ಬೇಕಾಗಿತ್ತು. ಲೈಟು ಹಾಕಿದಾಗ ಅವು ತಲೆ ಎತ್ತಿದ್ದು ಸೊಪ್ಪು ಕೇಳುತ್ತಿರುವ ಹಾಗೆ ಕಂಡಿತು. ಹುಳು ಸಾಕುವ ಸ್ಟ್ಯಾಂಡಿನ ಎರಡು ಅಂಕಣಕ್ಕೆ ಹಾಕಿಬಿಟ್ಟೆ.

ಏಳು ಗಂಟೆಗೆ ಸೊಪ್ಪು ಕೊಯ್ಯುವ ಹೆಂಗಸು ಬಂದಳು. ಅವಳ ತವರು ತಿರುಮಣಿ ಕಡೆ. ನನ್ನ ಹೆಂಡತಿಯ ಜೊತೆ ಹನ್ನೆರಡು ವರ್ಷ ಕೆಲಸ ಮಾಡಿದವಳು.

“ಏನ್ ಬಾವ ಇದು? ಜ್ವರಕ್ಕೆ ಕುಂತಿರೋ ಹುಳಕ್ಕೆ ಸೊಪ್ಪು ಹಾಕ್ಬುಟ್ಟಿದ್ದೀರಲ್ಲ.”

“ಎಚ್ಚರ ಇದ್ದೆ. ಹಾಕ್ದೆ.”

“ನಿಮಗೆ ಎಚ್ಚರ ಆದ್ರೆ ಅವಕ್ಕೂ ಆಗ್ಬೇಕಾ? ನಗ್ತಾರೆ ಜನ. ಬನ್ನಿ, ಎತ್ತಿ.”

ಇಬ್ಬರೂ ಕೂತು ಎಲೆಗಳನ್ನು ಒಂದೊಂದಾಗಿ ಮೆಲ್ಲಗೆ ಎತ್ತಿದೆವು. ಅವಳು ಗೊಣಗುತ್ತಲೇ ಇದ್ದಳು. ಯಾಕೋ ಬಾಯಿಬಿಟ್ಟೆ. “ಅವಳೂ ಇಂಗೇ ನಿದ್ದೆಗೆಟ್ಟೇ ಹೋದ್ಲು. ನಂದೂ ಅಂಗೇ ಆಗ್ತದೆ ಅನ್ನಿಸ್ತದೆ.”

ಅವಳ ಕೈ ನಿಂತಿತು. “ಅಕ್ಕ ಮಲಗ್ತಿರ್ಲಿಲ್ಲ ಅಂತ ಯಾರಂದ್ರು?”

“ರಾತ್ರಿಯೆಲ್ಲ ಕುಂತಿರೋಳು. ನಾನೇ ನೋಡಿದ್ದೀನಿ.”

“ರಾತ್ರಿ ಕುಂತಿರೋಳು. ಜ್ವರದ ದಿನ ಏನ್ ಮಾಡೋಳು ನೋಡಿದ್ದೀರಾ? ನೀವು ಸಿರಾಕೋ ಮಧುಗಿರಿಗೋ ಬಸ್ ಹತ್ತಿದ್ದೇ ತಡ, ಇಲ್ಲೇ ಚಾಪೆ ಹಾಸೋಳು. ಹೊತ್ತು ಇಳಿಯೋಗಂಟ. ಏನ್ ಗೊರಕೆ ಅಂತೀರ! ಹುಳ ಎದ್ರೂ ಈಯಮ್ಮ ಏಳಲ್ಲ ಅಂತ ನಾನೇ ನಗ್ತಿದ್ದೆ. ಬಾಗ್ಲಲ್ಲಿ ನಂದೇ ಕಾವಲು.”

ಅವಳು ಎದ್ದುಹೋಗಿ ಕೊನೆಯ ಸ್ಟ್ಯಾಂಡಿನ ಹಿಂದಿನಿಂದ ಸುರುಳಿ ಸುತ್ತಿದ ಈಚಲು ಚಾಪೆಯೊಂದನ್ನು ಎಳೆದು ತೋರಿಸಿದಳು. ಅದರ ತುಂಬ ಹುಳುವಿನ ಮೇಲೆ ಎರಚುವ ಸುಣ್ಣದ ಪುಡಿ ಕೂತಿತ್ತು.

“ನನಗ್ಯಾಕೆ ಹೇಳ್ಲಿಲ್ಲ?”

“ಹೇಳಿದ್ರೆ ಬಿಡುವಾಗೈತಲ್ಲ, ತೋಟಕ್ಕೆ ನೀರು ಕಟ್ಟು ಅಂತಿದ್ರಿ. ಅಷ್ಟೇ.”

ಅನ್ನುತ್ತಿದ್ದೆ. ಅದರಲ್ಲಿ ಸುಳ್ಳಿಲ್ಲ.

ಅದರಿಂದ ಅವಳ ಸಾವಿನ ಕಾರಣವೇನೂ ತಿಳಿಯಲಿಲ್ಲ. ತಿಂಗಳಿಗೆ ಎರಡು ಹಗಲಿನ ನಿದ್ದೆ ಎರಡು ವರ್ಷದ ರಾತ್ರಿಗಳಿಗೆ ಸಾಕಾಗುತ್ತದೆಯೇ ಎಂದು ಯಾವ ಡಾಕ್ಟರನ್ನೂ ನಾನು ಕೇಳಲಿಲ್ಲ. ಆದರೆ ನಾನು ಕಂಡಿದ್ದಷ್ಟೇ ಅವಳ ನಿದ್ದೆಯಾಗಿರಲಿಲ್ಲ ಎಂಬುದು ಗೊತ್ತಾಯಿತು. ಇಪ್ಪತ್ತಾರು ವರ್ಷ ಜೊತೆಗಿದ್ದು ಅವಳ ಗೊರಕೆ ನಾನು ಕೇಳಿಲ್ಲ. ಎರಡು ದಿನ ಅದೇ ಬೇಸರದಲ್ಲಿದ್ದೆ. ನಾಡಿ ಹಿಡಿಯಲು ಮರೆತಿದ್ದೆ ಎಂದು ಆಮೇಲೆ ನೆನಪಾಯಿತು.

ವಾರದೊಳಗೆ ಹುಳು ನಾಲ್ಕನೇ ಜ್ವರಕ್ಕೆ ಕೂತಿತು. ನಾನು ಹಾಳುಮಾಡಿದ ಎರಡು ಅಂಕಣ ಅರ್ಧ ದಿನ ಹಿಂದಿದ್ದವು. ಅವೂ ಕೂತಮೇಲೆ ಚಾಪೆ ಕೊಡವಿ ಹಾಸಿದೆ. ಬೇರೆ ದಿನ ಸೊಪ್ಪು ತಿನ್ನುವ ಸದ್ದಿನಲ್ಲಿ ಹುಳುಮನೆಯೊಳಗೆ ಮಾತು ಕೇಳುವುದಿಲ್ಲ. ಅವತ್ತು ಏನೂ ಇರಲಿಲ್ಲ. ಹೆಂಗಸು ಬಾಗಿಲು ಮುಂದಕ್ಕೆ ಎಳೆದುಕೊಂಡು, “ಹುಳ ಮುಟ್ಟಿದ್ರೆ ನೋಡಿ” ಎಂದು ಹೊರಗೆ ಕೂತಳು.

ನಾನು ಎದ್ದಾಗ ಕಿಟಕಿಯ ಬಿಸಿಲು ಎದುರು ಗೋಡೆಗೆ ಹೋಗಿತ್ತು.

“ಅಕ್ಕನಷ್ಟಿಲ್ಲ ನಿಮ್ಮ ಗೊರಕೆ” ಅಂದಳು ಅವಳು, ಬುಟ್ಟಿ ಎತ್ತಿಕೊಳ್ಳುತ್ತ.

ಮನೆಗೆ ಹೋಗಿ ಅವಳ ನೀಲಿ ಪೆನ್ನು ಹುಡುಕಿ ಅವತ್ತಿನ ಚೌಕದಲ್ಲಿ ‘ನಾಲ್ಕನೇ ಜ್ವರ’ ಎಂದು ಬರೆದೆ. ಗಂಟೆ ಬರೆಯಲಿಲ್ಲ. ಹುಳುಮನೆಯಲ್ಲಿ ಮಲಗಿದಾಗ ಫೋನು ಮನೆಯಲ್ಲೇ ಇತ್ತು. ಎಷ್ಟು ಹೊತ್ತಿಗೆ ಕಣ್ಣು ಹತ್ತಿತೋ ನಾನು ನೋಡಿರಲಿಲ್ಲ.